ಹಾನ್ಲೆಯ ಹಾಗೆ ನಮ್ಮ ಗುಡ್ಡದ ಮೇಲೂ ಉಲ್ಕೆಗಳ ಫೋಟೋ ತೆಗೆಯಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ತೋಟದ ಮೇಲ್ಗಡೆ ಒಂದು ಬೋಳುಗುಡ್ಡ ಇದೆ. ಅಲ್ಲಿ ನನ್ನ ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ಇಟ್ಟುಕೊಂಡು ಆಗಾಗ ಆಕಾಶ ನೋಡುತ್ತೇನೆ. ಲಡಾಖಿನ ಹಾನ್ಲೆಯಲ್ಲಿ ಟೆಲಿಸ್ಕೋಪಿನ ಗುಮ್ಮಟದ ಮೇಲೆ ನೂರಾರು ಉಲ್ಕೆಗಳು ಒಟ್ಟಿಗೆ ಸುರಿಯುವ ಒಂದು ಫೋಟೋ ನೋಡಿದೆ. ನಮ್ಮ ಗುಡ್ಡದಲ್ಲೂ ಹಾಗೇ ತೆಗೆಯಬೇಕು ಅಂತ ಆಸೆ. ಕಳೆದ ಡಿಸೆಂಬರಿನಲ್ಲಿ ರಾತ್ರಿಯೆಲ್ಲ ಕೂತೆ. ಸಿಕ್ಕಿದ್ದು ಎರಡು ತೆಳ್ಳನೆ ಗೀಟು ಮಾತ್ರ. ನಡುರಾತ್ರಿಯ ನಂತರದ ಫೋಟೋಗಳೆಲ್ಲ ಮಸುಕು. ನನ್ನ ಹತ್ತಿರ ಇರುವುದು ಕ್ರಾಪ್ ಸೆನ್ಸರ್ ಕ್ಯಾಮೆರಾ ಮತ್ತು 18–55 ಕಿಟ್ ಲೆನ್ಸ್. ಟೆಲಿಸ್ಕೋಪಿಗೇ ಕ್ಯಾಮೆರಾ ಜೋಡಿಸಬೇಕಾ? ಹೊಸ ಲೆನ್ಸ್ ಬೇಕೇಬೇಕಾ? ಅಥವಾ ಮುಳ್ಳಯ್ಯನಗಿರಿಗೆ ಹೋಗಬೇಕಾ?

ಉತ್ತರ: ಟೆಲಿಸ್ಕೋಪಿನ ವಿಷಯ ಮೊದಲು ಮುಗಿಸೋಣ. ಅದಕ್ಕೆ ಕ್ಯಾಮೆರಾ ಜೋಡಿಸಬೇಡಿ. ಎಂಟು ಇಂಚಿನ ಡಾಬ್‌ಗಳ ಫೋಕಲ್ ಲೆಂತ್ ಸಾಮಾನ್ಯವಾಗಿ 1200 ಮಿ.ಮೀ. ಇರುತ್ತದೆ. ನಿಮ್ಮ ಸೆನ್ಸರಿಗೆ ಅದರಲ್ಲಿ ಕಾಣುವುದು ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಅಗಲದ ಆಕಾಶ, ಅಂದರೆ ಹುಣ್ಣಿಮೆಯ ಚಂದ್ರ ಎರಡು ಹಿಡಿಸುವಷ್ಟು ಜಾಗ. ಉಲ್ಕೆ ಎಲ್ಲಿ ಬೇಕಾದರೂ ಬೀಳುತ್ತದೆ. ಆ ಎರಡು ಚಂದ್ರನ ಜಾಗದಲ್ಲೇ ಬೀಳಲಿ ಅಂತ ಕಾಯುತ್ತಾ ಕೂತರೆ ಬೆಳಗಾಗುತ್ತದೆ ಅಷ್ಟೇ. ಆ ರಾತ್ರಿ ನಿಮ್ಮ ಟೆಲಿಸ್ಕೋಪು ಫೋಟೋಕ್ಕೆ ನಿಂತ ಮಾಡೆಲ್. ಕೆಲಸವೆಲ್ಲ ವೈಡ್ ಲೆನ್ಸಿನದು.

ಈಗ ನೀವು ನೋಡಿದ ಹಾನ್ಲೆಯ ಫೋಟೋ. ಅಂಥ ದೃಶ್ಯವನ್ನು ಅಲ್ಲಿ ಯಾರೂ ಕಣ್ಣಾರೆ ಕಂಡಿರುವುದಿಲ್ಲ. ನೂರಾರು ಉಲ್ಕೆಗಳು ಒಂದೇ ಕ್ಷಣದಲ್ಲಿ ಬೀಳಲಿಲ್ಲ. ಗಂಟೆಗಟ್ಟಲೆ, ಕೆಲವೊಮ್ಮೆ ಎರಡು ಮೂರು ರಾತ್ರಿ, ಸಾಲಾಗಿ ಫೋಟೋ ತೆಗೆದು ಉಲ್ಕೆ ಇರುವ ಫ್ರೇಮುಗಳನ್ನು ಮಾತ್ರ ಆರಿಸಿ ಒಂದರ ಮೇಲೊಂದು ಕೂರಿಸಿರುತ್ತಾರೆ. ನೆಲದ ಫೋಟೋ ಒಂದು, ಆಕಾಶದ್ದು ಬೇರೆ. ಇದು ಮೋಸ ಅಲ್ಲ, ಆದರೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನಿಮ್ಮ ಎರಡು ಗೀಟು ನೋಡಿ ನಿಮಗೇ ಬೇಜಾರಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಶುರು ಮಾಡಬೇಕು ಅನ್ನುವುದೆಲ್ಲ ಈ ಒಂದು ವಿಷಯದಿಂದಲೇ ತೀರ್ಮಾನವಾಗುತ್ತದೆ.

ಹಾನ್ಲೆಯ ಚಿತ್ರವನ್ನು ಹಾಗೆ ಹಾಗೇ ನಕಲು ಮಾಡಲು ಹೋಗಬೇಡಿ ಅಂತ ಹೇಳಲು ಇನ್ನೊಂದು ಕಾರಣವೂ ಇದೆ. ಪ್ರತಿ ಡಿಸೆಂಬರಿನಲ್ಲಿ ಬರುವ ಜೆಮಿನಿಡ್ ಉಲ್ಕಾವೃಷ್ಟಿಯ ಉಲ್ಕೆಗಳು ಮಿಥುನ ರಾಶಿಯ ಒಂದು ಬಿಂದುವಿನಿಂದ ಹೊರಟಂತೆ ಕಾಣುತ್ತವೆ. ಅದನ್ನು ರೇಡಿಯಂಟ್ ಅನ್ನುತ್ತಾರೆ. ಪುನರ್ವಸುವಿನ ಎರಡು ಹೊಳೆಯುವ ನಕ್ಷತ್ರಗಳಿವೆಯಲ್ಲ, ಕ್ಯಾಸ್ಟರ್ ಮತ್ತು ಪೊಲಕ್ಸ್? ಅದರಲ್ಲಿ ಕ್ಯಾಸ್ಟರ್‌ಗೆ ಅಂಟಿಕೊಂಡಂತೆ ಆ ಬಿಂದು ಇದೆ. ಆಕಾಶದ ಲೆಕ್ಕದಲ್ಲಿ ಅದು ಸುಮಾರು 33 ಡಿಗ್ರಿ ಉತ್ತರದಲ್ಲಿದೆ. ಹಾನ್ಲೆಯ ಅಕ್ಷಾಂಶವೂ ಹೆಚ್ಚುಕಡಿಮೆ 33 ಡಿಗ್ರಿಯೇ. ಹಾಗಾಗಿ ನಡುರಾತ್ರಿ ಕಳೆದ ಮೇಲೆ ಆ ಬಿಂದು ಅಲ್ಲಿ ನೆಟ್ಟಗೆ ನೆತ್ತಿಗೆ ಬರುತ್ತದೆ. ಉಲ್ಕೆಗಳು ಗುಮ್ಮಟದ ಮೇಲಿಂದ ಎಂಟೂ ದಿಕ್ಕಿಗೆ ಚೆಲ್ಲುತ್ತವೆ. ಮೂಡಿಗೆರೆ ಇರುವುದು 13 ಡಿಗ್ರಿಯಲ್ಲಿ. ನಮಗೆ ಅದೇ ಬಿಂದು ಉತ್ತರ ದಿಕ್ಕಿನಲ್ಲಿ, ದಿಗಂತದಿಂದ 70 ಡಿಗ್ರಿ ಎತ್ತರಕ್ಕೆ ಬಂದು ನಿಲ್ಲುತ್ತದೆ. ಅಂದರೆ ಉತ್ತರಕ್ಕೆ ಮುಖ ಮಾಡಿ ನಿಂತರೆ ಉಲ್ಕೆಗಳು ಮೇಲಿಂದ ಕೆಳಕ್ಕೆ ಸುರಿಯುತ್ತವೆ. ಇದು ಬೇರೆಯೇ ಚಿತ್ರ. ನನ್ನನ್ನು ಕೇಳಿದರೆ ಇದೇ ಚೆನ್ನ.

ಆ ಹಾನ್ಲೆಯ ಟೆಲಿಸ್ಕೋಪಿಗೂ ನಮಗೂ ಒಂದು ನಂಟಿದೆ, ಹೇಳದೇ ಇರಲಾರೆ. 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಖಗೋಳ ವಿಜ್ಞಾನಿಗಳು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹದ ಸಂಪರ್ಕದ ಮೂಲಕ. ಗುಮ್ಮಟ ಲಡಾಖಿನಲ್ಲಿ, ಟೆಲಿಸ್ಕೋಪು ತಿರುಗಿಸುವವರು ನಮ್ಮ ಊರ ಹತ್ತಿರ. ಸುತ್ತಲಿನ ಪ್ರದೇಶವನ್ನು 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್, ಅಂದರೆ ರಾತ್ರಿಯ ಕತ್ತಲೆ ಕಾಪಾಡುವ ವಲಯ ಅಂತ ಘೋಷಿಸಿದ್ದಾರೆ. ಅಂಥ ಕತ್ತಲೆ ನಮಗೆ ಸಿಗುವುದಿಲ್ಲ. ಆದರೆ ಡಿಸೆಂಬರಿನಲ್ಲಿ ಅಲ್ಲಿನ ರಾತ್ರಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ನಮಗೆ ಒಂದು ಸ್ವೆಟರ್, ಒಂದು ಮಫ್ಲರ್ ಸಾಕು. ಅಷ್ಟು ಸಮಾಧಾನ ಇರಲಿ.

ಬೇರೆ ಉಲ್ಕಾವೃಷ್ಟಿಗಳನ್ನು ಬಿಟ್ಟು ಜೆಮಿನಿಡ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಹೆಸರುವಾಸಿಯಾದದ್ದು ಆಗಸ್ಟ್ 12–13ರ ಪರ್ಸೀಡ್. ಆಗ ಇಲ್ಲಿ ಆಶ್ಲೇಷ ಮಳೆ. ಮಲೆನಾಡಿನಲ್ಲಿ ಆ ವಾರ ಆಕಾಶ ಕಂಡರೆ ಪುಣ್ಯ. ಕಂಡರೂ ಪರ್ಸೀಡ್ ಬಿಂದು ನಮಗೆ 45 ಡಿಗ್ರಿಗಿಂತ ಮೇಲೆ ಏರುವುದಿಲ್ಲ. ಅಕ್ಟೋಬರಿನ ಒರಾಯನಿಡ್ ಸಣ್ಣದು, ಜನವರಿ ಮೊದಲ ವಾರದ ಕ್ವಾಡ್ರಂಟಿಡ್ ಜೋರಾಗಿ ಇರುವುದು ಕೆಲವೇ ಗಂಟೆ. ಅದು ನಮ್ಮ ರಾತ್ರಿಗೆ ಕೂಡಿ ಬರಬೇಕು. ಡಿಸೆಂಬರ್ 13–14ರ ಜೆಮಿನಿಡ್ ಹಾಗಲ್ಲ. ಪುನರ್ವಸು ಮಳೆ ಜುಲೈಯಲ್ಲಿ ಹಿಡಿಯುತ್ತದೆ ಅಲ್ವಾ? ಸೂರ್ಯ ಆ ನಕ್ಷತ್ರದಲ್ಲಿ ಇರುವುದು ಆಗ. ಅಲ್ಲಿಂದ ಸುಮಾರು ಆರು ತಿಂಗಳಿಗೆ ಸೂರ್ಯ ಎದುರು ಬದಿಗೆ ಹೋಗಿರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ಪುನರ್ವಸು ಹೆಚ್ಚುಕಡಿಮೆ ರಾತ್ರಿಯಿಡೀ ನಮ್ಮ ಮೇಲಿರುತ್ತದೆ. ಸಂಜೆ ಎಂಟರ ಹೊತ್ತಿಗೆ ಈಶಾನ್ಯದಲ್ಲಿ ಹುಟ್ಟಿ, ಎರಡೂವರೆಯ ಹೊತ್ತಿಗೆ ಅತಿ ಎತ್ತರಕ್ಕೆ ಬರುತ್ತದೆ.

ಫೋಟೋದವರಿಗೆ ಇದರಲ್ಲಿ ಇನ್ನೊಂದು ಲಾಭ ಇದೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ದೂಳಿನಿಂದ ಬರುತ್ತವೆ. ಜೆಮಿನಿಡ್ ಮೂಲ ಫೇಥಾನ್ ಎಂಬ ಕ್ಷುದ್ರಗ್ರಹ, 1983ರಲ್ಲಿ ಪತ್ತೆಯಾದದ್ದು. ಅದರ ಚೂರುಗಳು ನಮ್ಮ ವಾತಾವರಣಕ್ಕೆ ನುಗ್ಗುವುದು ಸೆಕೆಂಡಿಗೆ 35 ಕಿ.ಮೀ. ವೇಗದಲ್ಲಿ. ಪರ್ಸೀಡ್ ಚೂರುಗಳದ್ದು 59. ಕೇಳಲು ಎರಡೂ ಭಯಂಕರ ವೇಗವೇ. ಆದರೆ ನಿಧಾನವಾಗಿ ಹೋಗುವ ಉಲ್ಕೆ ಸೆನ್ಸರಿನ ಪ್ರತಿ ಪಿಕ್ಸೆಲ್ ಮೇಲೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ. ಗೀಟು ದಪ್ಪಗೆ, ಹೊಳಪಾಗಿ ಮೂಡುತ್ತದೆ.

ಇಲ್ಲೇ ಕ್ಯಾಮೆರಾದ ಸೆಟ್ಟಿಂಗಿನ ಗುಟ್ಟು ಇದೆ. ನಕ್ಷತ್ರದ ಫೋಟೋದಲ್ಲಿ ಶಟರ್ ಜಾಸ್ತಿ ಹೊತ್ತು ತೆರೆದರೆ ನಕ್ಷತ್ರ ಹೆಚ್ಚು ಹೊಳೆಯುತ್ತದೆ. ಉಲ್ಕೆಗೆ ಈ ಮಾತು ಅನ್ವಯಿಸುವುದಿಲ್ಲ. ಅದು ಒಂದು ಪಿಕ್ಸೆಲನ್ನು ದಾಟುವುದು ಸೆಕೆಂಡಿನ ಎಷ್ಟೋ ಸಣ್ಣ ಭಾಗದಲ್ಲಿ. ಶಟರ್ 5 ಸೆಕೆಂಡ್ ತೆರೆದಿರಲಿ, 30 ಸೆಕೆಂಡ್ ತೆರೆದಿರಲಿ, ಉಲ್ಕೆಯ ಹೊಳಪು ಅಷ್ಟೇ. ಹಿಂದಿನ ಆಕಾಶ ಮಾತ್ರ ಬೆಳ್ಳಗಾಗುತ್ತಾ ಹೋಗಿ ಸಣ್ಣ ಉಲ್ಕೆಗಳು ಅದರಲ್ಲಿ ಮುಳುಗುತ್ತವೆ. ನಿಮಗೆ ಎರಡೇ ಸಿಕ್ಕಿದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಉಲ್ಕೆಯನ್ನು ಹಿಡಿಯುವುದು ಲೆನ್ಸಿನ ದೊಡ್ಡ ಕಣ್ಣು, ಆಮೇಲೆ ಸೆನ್ಸರಿನ ಸೂಕ್ಷ್ಮತೆ ಹೇಳುವ ಐಎಸ್‌ಒ. ಹಾಗಾಗಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆಯಿರಿ. ಐಎಸ್‌ಒ 3200 ಇಡಿ. ನಿಮ್ಮ ಗುಡ್ಡದಲ್ಲಿ ಕತ್ತಲೆ ಚೆನ್ನಾಗಿದ್ದರೆ 6400ಕ್ಕೂ ಹೋಗಬಹುದು. ಶಟರ್ 15 ಸೆಕೆಂಡ್. ಎರಡು ಫ್ರೇಮುಗಳ ನಡುವೆ ಒಂದು ಸೆಕೆಂಡ್ ಬಿಡುವು. ಫೈಲು ರಾ (ಕ್ಯಾಮೆರಾ ತಿದ್ದದ ಮೂಲ ರೂಪ) ಆಗಿರಲಿ. ಕ್ಯಾಮೆರಾದೊಳಗೆ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಅಂತ ಒಂದು ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಲೇಬೇಕು. ಆನ್ ಇದ್ದರೆ ಪ್ರತಿ ಫೋಟೋ ಆದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಕಣ್ಣು ಮುಚ್ಚಿ ಕೂರುತ್ತದೆ. ಅರ್ಧ ರಾತ್ರಿ ಹಾಗೇ ಕಳೆದುಹೋಗುತ್ತದೆ. ಒಳ್ಳೆಯ ಉಲ್ಕೆ ಬೀಳುವುದು ಆಗಲೇ ಅನ್ನುವುದು ಬೇರೆ ಮಾತು.

ಲೆನ್ಸ್ ವಿಷಯ. ನಿಮ್ಮ ಕಿಟ್ ಲೆನ್ಸನ್ನು ಬೈಯಬೇಡಿ. 18 ಮಿ.ಮೀ. ಎಫ್ 3.5 ಹಿಡಿಯುವಷ್ಟು ಮಂಕು ಉಲ್ಕೆಗಳನ್ನೇ 11 ಮಿ.ಮೀ. ಎಫ್ 2.8 ಲೆನ್ಸೂ ಹಿಡಿಯುವುದು. ಲೆಕ್ಕ ಹಾಕಿದರೆ ಎರಡೂ ಹತ್ತಿರ ಹತ್ತಿರ ಬರುತ್ತವೆ. ವ್ಯತ್ಯಾಸ ಇರುವುದು ಕಾಣುವ ಆಕಾಶದ ಅಳತೆಯಲ್ಲಿ. ಕ್ಯಾಮೆರಾವನ್ನು ಉದ್ದಕ್ಕೆ ನಿಲ್ಲಿಸಿದಾಗ 18 ಮಿ.ಮೀ. ಕೆಳಗಿನಿಂದ ಮೇಲಕ್ಕೆ ಸುಮಾರು 66 ಡಿಗ್ರಿ ತೋರಿಸುತ್ತದೆ. 11 ಮಿ.ಮೀ. ಸುಮಾರು 93 ಡಿಗ್ರಿ. ನಮ್ಮ ರೇಡಿಯಂಟ್ 70 ಡಿಗ್ರಿ ಎತ್ತರದಲ್ಲಿದೆ ಅಂದೆನಲ್ಲ? ಟೆಲಿಸ್ಕೋಪು, ಗುಡ್ಡದ ಅಂಚು, ರೇಡಿಯಂಟ್ ಮೂರೂ ಒಂದೇ ಚೌಕಟ್ಟಿನಲ್ಲಿ ಬೇಕಿದ್ದರೆ 11 ಮಿ.ಮೀ. ಬೇಕು. ಅದನ್ನು ಕೊಳ್ಳಬೇಕಿಲ್ಲ. ಬೆಂಗಳೂರಿನಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಬಾಡಿಗೆಯೂ ಬೇಡ ಅಂದರೆ ಕಿಟ್ ಲೆನ್ಸಿನಲ್ಲೇ ತೆಗೆಯಿರಿ. ಉಲ್ಕೆಗಳು ಹೊರಡುವ ಜಾಗ ಚೌಕಟ್ಟಿನ ಆಚೆ ಉಳಿಯುತ್ತದೆ, ಗೀಟುಗಳು ಮೇಲಂಚಿನಿಂದ ಇಳಿದು ಬರುತ್ತವೆ. ಚಿತ್ರಕ್ಕೆ ಏನೂ ಕಮ್ಮಿಯಾಗುವುದಿಲ್ಲ. ನಿಮ್ಮ ಹತ್ತಿರ ಅಥವಾ ಸ್ನೇಹಿತರ ಹತ್ತಿರ 35 ಮಿ.ಮೀ. ಎಫ್ 1.8 ಇದ್ದರೆ ಅದು ಇನ್ನೂ ಎಷ್ಟೋ ಮಂಕಾದ ಉಲ್ಕೆಗಳನ್ನು ಹಿಡಿಯುತ್ತದೆ. ಆದರೆ ಕಾಣುವ ಆಕಾಶ ತುಂಬಾ ಕಿರಿದು. ಎರಡನೇ ಕ್ಯಾಮೆರಾ ಇದ್ದರೆ ಅದಕ್ಕೆ ಹಾಕಿ. ಒಂದೇ ಕ್ಯಾಮೆರಾ ಇದ್ದರೆ ಬೇಡ.

ಟ್ರೈಪಾಡ್ ಎಲ್ಲಿಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಬೆಳಕಿರುವಾಗಲೇ ಹೋಗಿ ನೋಡಿಕೊಂಡು ಬನ್ನಿ. ಟೆಲಿಸ್ಕೋಪಿನ ದಕ್ಷಿಣಕ್ಕೆ, ನೆಲಕ್ಕೆ ಹತ್ತಿರವಾಗಿ ಕ್ಯಾಮೆರಾ ನಿಲ್ಲಿಸಿ ಉತ್ತರಕ್ಕೆ ತಿರುಗಿಸಿ. ಟೆಲಿಸ್ಕೋಪಿನ ಮೂತಿಯೂ ಉತ್ತರಕ್ಕೇ, ಮೇಲ್ಮುಖವಾಗಿರಲಿ. ಹೀಗೆ ಇಟ್ಟರೆ ಕೊಳವೆಯ ಬಾಯಿ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಮುಚ್ಚಳ ಹಾಕಿಯೇ ಇಡಬಹುದು, ಕನ್ನಡಿಗೆ ಇಬ್ಬನಿ ಬೀಳುವುದಿಲ್ಲ. 11 ಮಿ.ಮೀ. ಲೆನ್ಸಾದರೆ ಕ್ಯಾಮೆರಾದಿಂದ ಟೆಲಿಸ್ಕೋಪಿಗೆ ಮೂರು ಮೀಟರ್, ಕಿಟ್ ಲೆನ್ಸಾದರೆ ಐದು ಮೀಟರ್ ಅಂತರ ಕೊಡಿ. ಆಗ ನಕ್ಷತ್ರಕ್ಕೆ ಫೋಕಸ್ ಮಾಡಿದರೂ ಟೆಲಿಸ್ಕೋಪು ಸಾಕಷ್ಟು ಚೊಕ್ಕವಾಗಿ ಬರುತ್ತದೆ. ಫೋಕಸ್ ಮಾಡಲು ಲೆನ್ಸಿನ ಮೇಲಿನ ಗುರುತು ನಂಬಬೇಡಿ. ಲೈವ್ ವ್ಯೂನಲ್ಲಿ ಲುಬ್ಧಕನನ್ನು (ಅತಿ ಹೊಳೆಯುವ ಸಿರಿಯಸ್ ನಕ್ಷತ್ರ) ದೊಡ್ಡದು ಮಾಡಿ ನೋಡಿ, ಅದು ಅತಿ ಸಣ್ಣ ಚುಕ್ಕೆಯಾಗುವಲ್ಲಿ ನಿಲ್ಲಿಸಿ. ಆಟೋ ಫೋಕಸ್ ಆಫ್ ಮಾಡಿ, ರಿಂಗಿಗೆ ಟೇಪ್ ಸುತ್ತಿ. ಆಮೇಲೆ ಅದನ್ನು ಮುಟ್ಟಬೇಡಿ.

ಉತ್ತರಕ್ಕೆ ತಿರುಗಿಸುವುದರಲ್ಲಿ ಇನ್ನೊಂದು ಅನುಕೂಲ ಇದೆ. ಧ್ರುವ ನಕ್ಷತ್ರ ನಮಗೆ ದಿಗಂತದಿಂದ 13 ಡಿಗ್ರಿ ಮೇಲಷ್ಟೇ ಇದೆ. ಕೈ ಚಾಚಿ ಒಂದು ಮುಷ್ಟಿ ಹಿಡಿದರೆ ಅದಕ್ಕಿಂತ ಸ್ವಲ್ಪ ಮೇಲೆ. ಆಕಾಶವೆಲ್ಲ ಅದರ ಸುತ್ತ ತಿರುಗುವುದರಿಂದ ನಿಮ್ಮ ಚೌಕಟ್ಟಿನ ನಕ್ಷತ್ರಗಳು ಬೇಗ ಬೇಗ ಹೊರಗೆ ಹೋಗುವುದಿಲ್ಲ. ಹನ್ನೆರಡೂವರೆಯಿಂದ ನಾಲ್ಕೂವರೆಯವರೆಗೆ ರೇಡಿಯಂಟ್ ಈಶಾನ್ಯದಿಂದ ಉತ್ತರಕ್ಕೆ ಬಂದು ವಾಯವ್ಯಕ್ಕೆ ಜಾರುತ್ತದೆ, ಆದರೂ ಚೌಕಟ್ಟಿನ ಆಸುಪಾಸಿನಲ್ಲೇ ಇರುತ್ತದೆ. ಪೂರ್ವಕ್ಕೋ ದಕ್ಷಿಣಕ್ಕೋ ತಿರುಗಿಸಿದ್ದರೆ ಎರಡು ಗಂಟೆಯಲ್ಲೇ ಅರ್ಧ ಆಕಾಶ ಬದಲಾಗಿ ಆಮೇಲಿನ ಜೋಡಣೆ ಕಷ್ಟವಾಗುತ್ತಿತ್ತು. ಕೆಲವರು ಆಕಾಶದ ಜೊತೆ ಕ್ಯಾಮೆರಾವನ್ನೂ ತಿರುಗಿಸುವ ಸ್ಟಾರ್ ಟ್ರ್ಯಾಕರ್ ತೆಗೆದುಕೊಳ್ಳಿ ಅನ್ನುತ್ತಾರೆ. ನಮ್ಮ ಅಕ್ಷಾಂಶದಲ್ಲಿ ಅದರ ಕಂಬವನ್ನು 13 ಡಿಗ್ರಿಗೆ ಬಗ್ಗಿಸಬೇಕು. ಭಾರದ ಕಂಬಿ ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಅಷ್ಟು ತಗ್ಗಿನಲ್ಲಿರುವ ಧ್ರುವ ನಕ್ಷತ್ರ ಮಂಜಿನಲ್ಲೋ ಎದುರು ಗುಡ್ಡದ ಹಿಂದೆಯೋ ಅಡಗಿರುತ್ತದೆ. ಮೊದಲ ಸಲಕ್ಕೆ ಆ ರಗಳೆ ಬೇಡ.

ಚಿಕ್ಕಮಗಳೂರು ಪೇಟೆಯ ದೀಪದ ಹೊಳಪು ನಿಮಗೆ ಈಶಾನ್ಯದಲ್ಲಿ ಕಾಣುತ್ತದೆ. ಅದು ಚೌಕಟ್ಟಿನ ಬಲ ಅಂಚಿಗೆ ಬರಬಹುದು. ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದರೆ ತಪ್ಪುತ್ತದೆ. ಪೇಟೆಗಿಂತ ಜಾಸ್ತಿ ತೊಂದರೆ ಕೊಡುವುದು ನಮ್ಮದೇ ತೋಟದ ದೀಪ. ಡಿಸೆಂಬರ್ ಅಂದರೆ ಅರೇಬಿಕಾ ಕೊಯ್ಲು. ಪಲ್ಪರ್ ಮನೆ, ಕಣ ಎಲ್ಲ ಕಡೆ ಬಲ್ಬು ಉರಿಯುತ್ತಿರುತ್ತದೆ. ಒಂದು ರಾತ್ರಿ ಕಣದ ಫ್ಲಡ್‌ಲೈಟ್ ಆರಿಸಲು ಮನೆಯವರನ್ನು ಒಪ್ಪಿಸಿ. ಪಕ್ಕದ ತೋಟದವರಿಗೂ ಒಂದು ಮಾತು ಹೇಳಿಡಿ. ಕಾಫಿ, ಮೆಣಸು ಕದಿಯುವವರ ಕಾಟ ಇರುವ ಕಾಲ. ನಡುರಾತ್ರಿ ಗುಡ್ಡದ ಮೇಲೆ ಕೆಂಪು ಟಾರ್ಚು ಆಡುವುದನ್ನು ಕಂಡರೆ ಯಾರಾದರೂ ದೊಣ್ಣೆ ಹಿಡಿದು ಬರುತ್ತಾರೆ.

ಚಂದ್ರನ ಲೆಕ್ಕ ನೋಡಿಯೇ ವರ್ಷ ಆರಿಸಬೇಕು. 2026 ಬಹಳ ಚೆನ್ನಾಗಿದೆ. ಅಮಾವಾಸ್ಯೆ ಕಳೆದು ಐದಾರು ದಿನಕ್ಕೆ ಜೆಮಿನಿಡ್ ಬರುತ್ತದೆ. 13 ಮತ್ತು 14 ಎರಡೂ ರಾತ್ರಿ ಎಳೆಯ ಚಂದ್ರ ಹತ್ತು, ಹತ್ತೂವರೆಗೆಲ್ಲ ಮುಳುಗಿಬಿಡುತ್ತಾನೆ. ಮುಳುಗುವ ಮೊದಲು ಅವನಿಂದ ಒಂದು ಕೆಲಸ ತೆಗೆದುಕೊಳ್ಳಿ. ಸಂಜೆ ಎಂಟೂವರೆಗೆ ಟ್ರೈಪಾಡ್ ಗಟ್ಟಿಯಾಗಿ ನಿಲ್ಲಿಸಿ, ಕಾಲುಗಳಿಗೆ ಕಲ್ಲು ಕೊಟ್ಟು ಬಿಗಿ ಮಾಡಿ. ಒಂಬತ್ತರ ಹೊತ್ತಿಗೆ ಚಂದ್ರ ನೈಋತ್ಯ ಮತ್ತು ಪಶ್ಚಿಮದ ನಡುವೆ ಇರುತ್ತಾನೆ. ಅಂದರೆ ನಿಮ್ಮ ಎಡ ಹೆಗಲ ಹಿಂದೆ. ಅವನ ಮೆಲುಬೆಳಕು ಟೆಲಿಸ್ಕೋಪಿನ ಕೊಳವೆಗೂ ಹುಲ್ಲಿಗೂ ಓರೆಯಾಗಿ ಬೀಳುತ್ತದೆ. ಟಾರ್ಚಿನಿಂದ ಬೆಳಗಿಸಿದ ಯಾವ ಫೋಟೋವೂ ಇಷ್ಟು ಸಹಜವಾಗಿ ಬರುವುದಿಲ್ಲ. ಆಗ ನೆಲದ ಫೋಟೋ ನಾಲ್ಕಾರು ತೆಗೆದಿಟ್ಟುಕೊಳ್ಳಿ. ಆಮೇಲೆ ಟ್ರೈಪಾಡ್ ಕದಲಿಸಬೇಡಿ. 2027ರಲ್ಲಿ ಜೆಮಿನಿಡ್ ಹುಣ್ಣಿಮೆಯ ದಿನವೇ ಬರುತ್ತದೆ. ಆ ವರ್ಷ ಮನೆಯಲ್ಲಿ ಮಲಗಿ.

ಹತ್ತರಿಂದ ಹನ್ನೆರಡರವರೆಗಿನ ಹೊತ್ತನ್ನು ಕಣ್ಣಿಗೆ ಬಿಡಿ. ರೇಡಿಯಂಟ್ ತಗ್ಗಿನಲ್ಲಿರುವಾಗ ಬರುವ ಉಲ್ಕೆಗಳು ಕಮ್ಮಿ. ಆದರೆ ಒಂದೊಂದು ವಾತಾವರಣವನ್ನು ಸವರಿಕೊಂಡು ಆಕಾಶದ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹೋಗುತ್ತದೆ. ಅದನ್ನು ಪರದೆಯಲ್ಲಿ ನೋಡಿದರೆ ಸ್ವಾರಸ್ಯ ಇಲ್ಲ. ಹನ್ನೆರಡೂವರೆಗೆ ಕ್ಯಾಮೆರಾ ಶುರು ಮಾಡಿ. 15 ಸೆಕೆಂಡ್ ಫೋಟೋ, ಒಂದು ಸೆಕೆಂಡ್ ಬಿಡುವು. ನಾಲ್ಕು ಗಂಟೆಗೆ 900 ಫ್ರೇಮು. 64 ಜಿಬಿ ಕಾರ್ಡ್ ಸಾಕು. ಬ್ಯಾಟರಿ ಒಂದರಲ್ಲಿ ಆಗುವುದಿಲ್ಲ. ಪವರ್ ಬ್ಯಾಂಕಿನಿಂದ ನಡೆಯುವ ಡಮ್ಮಿ ಬ್ಯಾಟರಿ ಸಿಗುತ್ತದೆ, ಅದನ್ನು ತರಿಸಿಕೊಳ್ಳಿ. ಮಧ್ಯದಲ್ಲಿ ಬ್ಯಾಟರಿ ಬದಲಿಸಲು ಹೋದರೆ ಕ್ಯಾಮೆರಾ ಅಲುಗುತ್ತದೆ.

ಇನ್ನು ನಿಮ್ಮ ಮಸುಕು ಫೋಟೋ. ಅದು ಫೋಕಸ್ ತಪ್ಪಿದ್ದಲ್ಲ. ನಡುರಾತ್ರಿಯ ನಂತರ ಅಂತ ನೀವೇ ಬರೆದಿದ್ದೀರಿ. ಅದು ಇಬ್ಬನಿ. ಮಲೆನಾಡಿನಲ್ಲಿ ಆಕಾಶದ ಫೋಟೋ ತೆಗೆಯುವವರಿಗೆ ದೀಪಕ್ಕಿಂತ ದೊಡ್ಡ ಶತ್ರು ಇದು. ಮೋಡ ಇಲ್ಲದ ರಾತ್ರಿ ಲೆನ್ಸಿನ ಗಾಜು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ನಮ್ಮ ಗಾಳಿಯಲ್ಲಿ ತೇವ ಜಾಸ್ತಿ. ಗಾಜಿನ ಮೇಲೆ ಸಣ್ಣ ಸಣ್ಣ ಹನಿ ಕೂರುತ್ತದೆ. ಕತ್ತಲಲ್ಲಿ ಅದು ಗೊತ್ತೇ ಆಗುವುದಿಲ್ಲ. ಒರೆಸಿದರೆ ಐದು ನಿಮಿಷಕ್ಕೆ ಮತ್ತೆ ಬರುತ್ತದೆ, ಜೊತೆಗೆ ಫೋಕಸೂ ಕದಲುತ್ತದೆ. ಉಪಾಯ ಒಂದೇ: ಗಾಜನ್ನು ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗೆ ಇಡುವುದು. ಯುಎಸ್‌ಬಿಯಿಂದ ನಡೆಯುವ ಡ್ಯೂ ಹೀಟರ್ ಪಟ್ಟಿ ಆನ್‌ಲೈನಿನಲ್ಲಿ ಸಿಗುತ್ತದೆ. ಲೆನ್ಸಿನ ಮುಂಭಾಗಕ್ಕೆ ಸುತ್ತಿ ಕಟ್ಟಿ, ಬೇರೆಯೇ ಒಂದು ಪವರ್ ಬ್ಯಾಂಕಿಗೆ ಹಾಕಿ. ಇಬ್ಬನಿ ಕೂತ ಮೇಲೆ ಅಲ್ಲ, ಸಂಜೆ ಕ್ಯಾಮೆರಾ ಹೊರಗೆ ತೆಗೆದ ಕೂಡಲೇ ಆನ್ ಮಾಡಿ. ನಿಮ್ಮ ಹತ್ತಿರ ಒಂದೇ ವಸ್ತು ಕೊಳ್ಳುವಷ್ಟು ದುಡ್ಡಿದ್ದರೆ ಲೆನ್ಸಿಗಿಂತ ಮೊದಲು ಇದನ್ನು ಕೊಳ್ಳಿ.

ಮಂಜು ಬೇರೆ ವಿಷಯ. ಗಾಳಿ ಇಲ್ಲದ ರಾತ್ರಿ ತಣ್ಣನೆ ಗಾಳಿ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಬೆಳಗಿನ ಜಾವ ಅಲ್ಲಿ ಮಂಜು ತುಂಬುತ್ತದೆ. ನಿಮ್ಮ ಗುಡ್ಡದ ತಲೆ ಅದರ ಮೇಲಿದ್ದರೆ ಅದು ತೊಂದರೆ ಅಲ್ಲ, ಉಪಕಾರ. ಕೆಳಗಿನ ಊರು, ರಸ್ತೆ, ಕಣದ ದೀಪಗಳೆಲ್ಲ ಅದರ ಅಡಿಗೆ ಹೋಗಿ ಮೇಲಿನ ಆಕಾಶ ಇನ್ನೂ ಕಪ್ಪಾಗುತ್ತದೆ. ಗುಡ್ಡ ಮಂಜಿನೊಳಗೇ ಮುಳುಗುವಷ್ಟು ಗಿಡ್ಡವಾಗಿದ್ದರೆ ಬೇರೆ ಜಾಗ ಹುಡುಕಬೇಕು. ನವೆಂಬರ್ ಕೊನೆಯಲ್ಲಿ ಒಂದೆರಡು ಬೆಳಗಿನ ಜಾವ ಹೋಗಿ ನೋಡಿದರೆ ಗೊತ್ತಾಗುತ್ತದೆ. ಮೋಡದ್ದು ಮಾತ್ರ ನಮ್ಮ ಕೈಯಲ್ಲಿಲ್ಲ. ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಒಣಗಲು ಹಾಕಿದ ಕಾಫಿಗೂ ಕಷ್ಟ, ನಮಗೂ ಕಷ್ಟ. ಹಿಂದಿನ ದಿನ ಇನ್ಸ್ಯಾಟ್ ಉಪಗ್ರಹದ ಮೋಡದ ಚಿತ್ರ ನೋಡಿ. ಆ ಉಪಗ್ರಹಗಳನ್ನು ಆಡಿಸುವುದು ಪಕ್ಕದ ಹಾಸನದಲ್ಲಿರುವ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದಲೇ.

ಮುಳ್ಳಯ್ಯನಗಿರಿ ಬೇಡ. 1930 ಮೀಟರ್ ಎತ್ತರ, ಕರ್ನಾಟಕದಲ್ಲೇ ಅತಿ ಎತ್ತರದ ಶಿಖರ, ಎಲ್ಲ ಸರಿ. ಆದರೆ ಕತ್ತಲಾದ ಮೇಲೆ ಮೇಲೆ ಬಿಡುವುದಿಲ್ಲ. ನಿಮ್ಮ ಟೆಲಿಸ್ಕೋಪು ಅಲ್ಲಿಯ ಮೆಟ್ಟಿಲು ಹತ್ತುವುದೂ ಇಲ್ಲ. ಸ್ವಂತ ಗುಡ್ಡ ಇರುವವರು ಅಲ್ಲಿಗೆ ಯಾಕೆ ಹೋಗಬೇಕು? ಆದರೆ ಸ್ವಂತ ಗುಡ್ಡವೇ ಆದರೂ ಆನೆ ಕೇಳಿಕೊಂಡು ಬರುವುದಿಲ್ಲ. ಮೂಡಿಗೆರೆ, ಬೇಲೂರು, ಸಕಲೇಶಪುರ, ಆಲೂರು ಕಡೆ ಪರಿಸ್ಥಿತಿ ಹೇಗಿದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಸಂಜೆಯೇ ಅರಣ್ಯ ಇಲಾಖೆಯವರನ್ನು, ಊರಿನ ವಾಟ್ಸಾಪ್ ಗುಂಪನ್ನು ಕೇಳಿ. ಹತ್ತಿರದಲ್ಲಿ ಆನೆ ಇದೆ ಅಂದರೆ ಆ ರಾತ್ರಿ ಫೋಟೋ ಇಲ್ಲ. ಇಲ್ಲ ಅಂದರೂ ಬೆಳಕಿರುವಾಗ ಜೀಪಿನಲ್ಲಿ ಮೇಲೆ ಹೋಗಿ, ಬೆಳಗಾದ ಮೇಲೆ ಇಳಿಯಿರಿ. ನಡುರಾತ್ರಿ ತೋಟದೊಳಗೆ ನಡೆದು ಬರುವುದು ಬೇಡ. ಜೊತೆಗೆ ಒಬ್ಬರು ಇರಲಿ.

ಎಷ್ಟು ಸಿಗುತ್ತವೆ ಅಂತ ಮೊದಲೇ ಹೇಳಿಬಿಡುತ್ತೇನೆ. ಜೆಮಿನಿಡ್ ಗಂಟೆಗೆ 150 ಅಂತ ಪತ್ರಿಕೆಗಳಲ್ಲಿ ಬರುತ್ತದೆ. ಅದು ರೇಡಿಯಂಟ್ ನೆತ್ತಿಯ ಮೇಲಿದ್ದು, ಆಕಾಶ ಅಚ್ಚ ಕಪ್ಪಾಗಿದ್ದು, ಒಬ್ಬರು ಪೂರ್ತಿ ಆಕಾಶ ನೋಡಿದರೆ ಸಿಗುವ ಲೆಕ್ಕ. ಒಳ್ಳೆಯ ರಾತ್ರಿಯಲ್ಲಿ ನಿಮ್ಮ ಕಣ್ಣಿಗೆ ಗಂಟೆಗೆ ನಲವತ್ತೋ ಐವತ್ತೋ ಕಂಡರೆ ಹೆಚ್ಚು. ಕ್ಯಾಮೆರಾ ನೋಡುವುದು ಆಕಾಶದ ಒಂದು ಭಾಗ, ಅದರಲ್ಲೂ ಮಂಕಾದವು ಮೂಡುವುದಿಲ್ಲ. ನಾಲ್ಕು ಗಂಟೆಗೆ ಇಪ್ಪತ್ತು ಸಿಕ್ಕರೆ ಖುಷಿಪಡಿ. ಇಪ್ಪತ್ತು ಉಲ್ಕೆಯ ಚಿತ್ರ ಸಾಕಷ್ಟು ತುಂಬಿಕೊಂಡೇ ಕಾಣುತ್ತದೆ.

ಮರುದಿನ ನಿದ್ದೆ ಮುಗಿಸಿ 900 ಫ್ರೇಮನ್ನೂ ಒಂದೊಂದಾಗಿ ನೋಡಬೇಕು. ಇದನ್ನು ತಪ್ಪಿಸಲು ದಾರಿ ಇಲ್ಲ. ಉಲ್ಕೆಯ ಗೀಟು ಎರಡೂ ತುದಿಯಲ್ಲಿ ಸಣ್ಣಗಾಗಿ ನಡುವೆ ದಪ್ಪ ಇರುತ್ತದೆ, ಒಂದೇ ಫ್ರೇಮಿನಲ್ಲಿ ಬಂದು ಹೋಗುತ್ತದೆ. ಹೆಚ್ಚಿನವುಗಳಲ್ಲಿ ಹಸಿರು ಛಾಯೆ ಕಾಣುತ್ತದೆ. ಉಪಗ್ರಹದ ಗೀಟು ಒಂದೇ ಸಮ ಇದ್ದು ಮುಂದಿನ ಫ್ರೇಮಿನಲ್ಲೂ ಮುಂದುವರಿಯುತ್ತದೆ. ವಿಮಾನ ಚುಕ್ಕೆ ಚುಕ್ಕೆಯಾಗಿ ಹೋಗುತ್ತದೆ. ರೇಡಿಯಂಟ್ ಕಡೆಯಿಂದ ಬರದ ಉಲ್ಕೆಗಳೂ ಒಂದೆರಡು ಇರುತ್ತವೆ. ಅವು ಜೆಮಿನಿಡ್ ಅಲ್ಲ. ಅವನ್ನು ಬಿಟ್ಟುಬಿಡಿ, ಅಥವಾ ಇದ್ದಲ್ಲೇ ಇರಲಿ. ತಿರುಗಿಸಿ ಸಾಲಿಗೆ ಸೇರಿಸಬೇಡಿ.

ಜೋಡಿಸುವಾಗ ಜನ ಮಾಡುವ ತಪ್ಪು ಒಂದಿದೆ. ಎಲ್ಲ ಉಲ್ಕೆಗಳನ್ನೂ ಫ್ರೇಮಿನಲ್ಲಿ ಇದ್ದ ಜಾಗದಲ್ಲೇ ಅಂಟಿಸುತ್ತಾರೆ. ಆಕಾಶ ಗಂಟೆಗೆ 15 ಡಿಗ್ರಿ ತಿರುಗಿರುತ್ತದೆ. ರಾತ್ರಿ ಒಂದರ ಹೊತ್ತಿನ ಉಲ್ಕೆ ಒಂದು ಕಡೆಯಿಂದ, ನಾಲ್ಕರ ಹೊತ್ತಿನದು ಇನ್ನೊಂದು ಕಡೆಯಿಂದ ಬಂದಂತಾಗಿ ಚಿತ್ರ ಕಲಸಿಹೋಗುತ್ತದೆ. ಹಾಗೆ ಮಾಡಬೇಡಿ. ಎರಡೂವರೆಯ ಹೊತ್ತಿನ ಒಂದು ಚೊಕ್ಕ ಫ್ರೇಮನ್ನು ಮೂಲವಾಗಿ ಇಟ್ಟುಕೊಳ್ಳಿ. ಫೋಟೋಶಾಪಿನಲ್ಲಿ ಉಲ್ಕೆಯ ಫ್ರೇಮನ್ನು ಅದರ ಮೇಲೆ ಲೇಯರಾಗಿ ಇಟ್ಟು, ತಿರುಗಿಸುವ ಕೇಂದ್ರವನ್ನು ಧ್ರುವ ನಕ್ಷತ್ರದ ಮೇಲೆ ಇರಿಸಿ, ನಕ್ಷತ್ರಕ್ಕೆ ನಕ್ಷತ್ರ ಕೂರುವವರೆಗೆ ತಿರುಗಿಸಿ. ವೈಡ್ ಲೆನ್ಸು ಅಂಚಿನಲ್ಲಿ ಚಿತ್ರವನ್ನು ಎಳೆದಿರುತ್ತದೆ, ಹಾಗಾಗಿ ಎಲ್ಲ ನಕ್ಷತ್ರವೂ ಕೂರುವುದಿಲ್ಲ. ಉಲ್ಕೆಯ ಅಕ್ಕಪಕ್ಕದ ನಾಲ್ಕೈದು ನಕ್ಷತ್ರ ಕೂತರೆ ಸಾಕು, ಬೇಕಾದರೆ ವಾರ್ಪ್ ಬಳಸಿ ಸರಿ ಮಾಡಿ. ಆಮೇಲೆ ಉಲ್ಕೆಯನ್ನಷ್ಟೇ ಉಳಿಸಿ ಮಿಕ್ಕದ್ದನ್ನು ಮಾಸ್ಕ್ ಮಾಡಿ, ಲೇಯರನ್ನು ಲೈಟನ್‌ಗೆ ಹಾಕಿ. ಜೋಡಿಸುತ್ತಾ ಹೋದಂತೆ ಗೀಟುಗಳೆಲ್ಲ ಕ್ಯಾಸ್ಟರ್ ಕಡೆಗೆ ಮುಖ ಮಾಡುತ್ತವೆ. ಕಷ್ಟಪಟ್ಟದ್ದಕ್ಕೆ ಫಲ ಅಲ್ಲಿ ಕಾಣುತ್ತದೆ. ಕೊನೆಯಲ್ಲಿ ಒಂಬತ್ತು ಗಂಟೆಯ ಬೆಳದಿಂಗಳಿನ ನೆಲವನ್ನು ಕೆಳಗೆ ಸೇರಿಸಿ. ಯಾರಿಗಾದರೂ ತೋರಿಸುವಾಗ ಇದು ನಾಲ್ಕು ಗಂಟೆ ಕಾಲ ಬಿದ್ದ ಉಲ್ಕೆಗಳನ್ನು ಜೋಡಿಸಿದ ಚಿತ್ರ, ನೆಲ ಬೇರೆ ಹೊತ್ತಿನದು ಅಂತ ಒಂದು ಸಾಲು ಬರೆಯಿರಿ. ಮುಂದಿನ ಸಲ ಚಿತ್ರ ನೋಡಿ ಗುಡ್ಡ ಹತ್ತುವವರಿಗೆ ನಿಮಗಾದ ಬೇಜಾರು ಆಗುವುದಿಲ್ಲ.

ಮೊಬೈಲಿನಲ್ಲಿ ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೆ ನಿಮ್ಮ ಜೊತೆ ಬರುವವರು ಕೇಳುತ್ತಾರೆ. ತುಂಬಾ ಹೊಳೆಯುವ ಒಂದೆರಡು ಸಿಗಬಹುದು. ಅವರಿಗೂ ಒಂದು ಸ್ಟ್ಯಾಂಡ್ ಕೊಡಿ, ಪರದೆಯ ಬೆಳಕು ನಿಮ್ಮ ಕ್ಯಾಮೆರಾದ ಕಡೆ ತಿರುಗದ ಹಾಗೆ ನೋಡಿಕೊಳ್ಳಿ.

ಬೆಳಗ್ಗೆ ಇಳಿದು ಬಂದ ಕೂಡಲೇ ಮಲಗಬೇಡಿ. ಒದ್ದೆಯಾದ ಕ್ಯಾಮೆರಾವನ್ನು ಹಾಗೇ ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದರೆ ಕೆಲವೇ ವಾರದಲ್ಲಿ ಲೆನ್ಸಿನೊಳಗೆ ಫಂಗಸ್ ಹಿಡಿಯಬಹುದು. ಬಾಡಿಗೆ ಲೆನ್ಸಾದರೆ ದಂಡವೂ ಬೀಳುತ್ತದೆ. ಎಲ್ಲವನ್ನೂ ಮೇಜಿನ ಮೇಲೆ ಬಿಡಿಸಿಟ್ಟು ಫ್ಯಾನ್ ಹಾಕಿ ಒಣಗಿಸಿ, ಆಮೇಲೆ ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಗೆ ಹಾಕಿ. ಟೆಲಿಸ್ಕೋಪಿನ ಕೊಳವೆಯನ್ನು ನೆರಳಿನಲ್ಲಿ ಅಡ್ಡ ಮಲಗಿಸಿ ಮುಚ್ಚಳ ತೆಗೆದಿಡಿ. ಕನ್ನಡಿಯ ಮೇಲೆ ಹನಿ ಕಂಡರೂ ಬಟ್ಟೆ ತಾಗಿಸಬೇಡಿ, ತಾನೇ ಆರುತ್ತದೆ.